ಪಾಕಿಸ್ತಾನದ ಪ್ರಶ್ನೆ ಮತ್ತು ಹಾಸ್ಟೆಲಿನ ನಾವು

2025ರ ಮೇ ತಿಂಗಳ ಮೊದಲ ವಾರದಲ್ಲಿ ದೇಶದ ತುಂಬ ಯುದ್ಧದ ಅಣಕು ಕವಾಯತು ನಡೆಸಬೇಕೆಂದು ದಿಲ್ಲಿಯಿಂದ ಆಜ್ಞೆ ಹೊರಟಿತು. ಕರ್ನಾಟಕದಲ್ಲಿ ಆ ಪಟ್ಟಿಗೆ ಬಿದ್ದದ್ದು ಮೂರೇ ಹೆಸರು. ಬೆಂಗಳೂರು, ರಾಯಚೂರು, ಕಾರವಾರ. ‘ಬೆಂಗಳೂರು ರಾಜಧಾನಿ, ಸರಿ. ರಾಯಚೂರಲ್ಲಿ ಕರೆಂಟು ತಯಾರಾಗ್ತದೆ, ಅದೂ ಸರಿ. ನಮ್ಮ ಕಾರವಾರ ಎಂತಕ್ಕೆ ಮಾರಾಯಾ?’ ಎಂದು ಘಟ್ಟದ ಮೇಲಿಂದ ಓದಲು ಬಂದ ಹುಡುಗನೊಬ್ಬ ಹಾಸ್ಟೆಲಿನಲ್ಲಿ ಕೇಳಿದ. ಊರಿನ ಒಂದು ಮಗ್ಗುಲಿಗೆ ಅರಗಾದ ನೌಕಾನೆಲೆ. ಇನ್ನೊಂದು ಮಗ್ಗುಲಿಗೆ, ಕಾಳಿ ನದಿಯ ಗುಂಟ ಒಳಗೆ ಹೋದರೆ, ಕೈಗಾದ ಅಣುಸ್ಥಾವರ. ಶತ್ರು ಗುರಿಯಿಡಬೇಕು ಅಂದರೆ ಎರಡೂ ಒಂದೇ ತಾಲೂಕಿನಲ್ಲಿವೆ. ಅದಕ್ಕೆ.

ಅದಕ್ಕೆ ಎರಡು ವಾರದ ಹಿಂದೆ, ಏಪ್ರಿಲ್ 22ರಂದು, ಪಹಲ್ಗಾಮಿನಲ್ಲಿ 26 ಜನರನ್ನು ಗುಂಡಿಕ್ಕಿ ಕೊಂದಿದ್ದರು. ಧರ್ಮ ಕೇಳಿ ಕೊಂದಿದ್ದರು. ನಮ್ಮ ಹೊಟ್ಟೆಯೂ ಉರಿದಿತ್ತು. ಊಟದ ಹಾಲಿನಲ್ಲಿ ಟಿವಿ ಮುಂದೆ ಕೂತು ‘ಅಳಿಸಿಬಿಡಿ, ಪಾಕಿಸ್ತಾನವನ್ನು ನಕ್ಷೆಯಿಂದ ಅಳಿಸಿಬಿಡಿ’ ಎಂದು ಕೂಗಿದವರಲ್ಲಿ ನಾವೂ ಇದ್ದೆವು. ಸುಳ್ಳು ಯಾಕೆ ಹೇಳಬೇಕು?

ಮರುದಿನ ಸಂಜೆ ಟಾಗೋರ್ ಕಡಲತೀರದಲ್ಲಿ ಕೂತಿದ್ದೆವು. ಅಲ್ಲಿ ‘ಚಾಪಲ್’ ಎಂಬ ಹಳೆಯ ಯುದ್ಧದೋಣಿಯನ್ನು ಮರಳಿನ ಮೇಲೆ ನಿಲ್ಲಿಸಿ ಮ್ಯೂಸಿಯಂ ಮಾಡಿದ್ದಾರೆ. 1971ರ ಡಿಸೆಂಬರಿನಲ್ಲಿ ಕರಾಚಿ ಬಂದರಿಗೆ ಬೆಂಕಿಯಿಟ್ಟ ಕ್ಷಿಪಣಿ ದೋಣಿಗಳ ಬಳಗದ್ದು ಅದು. ನಮ್ಮ ಜೊತೆ ಅಂಕೋಲಾ ಕಡೆಯ ಗೆಳೆಯನೊಬ್ಬನಿದ್ದ. ನೌಕಾನೆಲೆಗಾಗಿ ಮನೆ ಕಳಕೊಂಡ ಕುಟುಂಬದವ. ಅವನು ಮೆಲ್ಲಗೆ ಹೇಳಿದ: ‘ನಕ್ಷೆಯಿಂದ ಅಳಿಸೋದು ಅಂದ್ರೆ ಎಂತ ಅಂತ ನಮ್ಮಜ್ಜಿನ ಕೇಳ್ರೋ. ಅವರ ಊರು ಅಳಿಸಿ ಹೋಯ್ತಲ್ಲ.’

ಆ ಮಾತು ನಮ್ಮ ಬಾಯಿ ಮುಚ್ಚಿಸಿತು. ಆಮೇಲೆ ನಾವು ಓದಿದೆವು, ಜಗಳಾಡಿದೆವು, ಮತ್ತೆ ಓದಿದೆವು. ಅಣುಬಾಂಬು ಇಟ್ಟುಕೊಂಡ, ಸರಕಾರ ನೆಟ್ಟಗೆ ನಿಲ್ಲದ, ಮತಾಂಧರನ್ನು ಸಾಕಿ ಈಗ ಅವರ ಕೈಯಲ್ಲೇ ಕಚ್ಚಿಸಿಕೊಳ್ಳುತ್ತಿರುವ ಒಂದು ದೇಶದ ಜೊತೆ ಉಳಿದ ದೇಶಗಳು ಹೇಗೆ ನಡಕೊಳ್ಳಬೇಕು? ಅಮೆರಿಕಾಕ್ಕೆ ಅದು ಮಿತ್ರ. ನಮಗೆ ನೆರೆಮನೆ. ಈ ಪ್ರಶ್ನೆ ದಿಲ್ಲಿಯ ಪಂಡಿತರಿಗೆ ಮಾತ್ರ ಸೇರಿದ್ದು ಎಂದು ಬಿಟ್ಟುಬಿಡಲು ಕಾರವಾರದಲ್ಲಿ ಬದುಕುವ ನಮಗೆ ಸಾಧ್ಯವಿಲ್ಲ.

ಮೊದಲ ದಾರಿ, ಜನರಲ್ಲಿಗೆ ದುಡ್ಡು ಕೊಟ್ಟು ಕೆಲಸ ಮಾಡಿಸಿಕೊಳ್ಳುವುದು. ಅಮೆರಿಕಾ ಹಿಡಿದದ್ದು ಇದನ್ನೇ. 1977ರಲ್ಲಿ ಜನರಲ್ ಜಿಯಾ ಚುನಾಯಿತ ಸರಕಾರವನ್ನು ಕೆಡವಿದ. 1979ರ ಕೊನೆಗೆ ರಷ್ಯನ್ನರು ಅಫ್ಘಾನಿಸ್ತಾನಕ್ಕೆ ನುಗ್ಗಿದರು. ಅಲ್ಲಿಯವರೆಗೆ ಬೇಡವಾಗಿದ್ದ ಜಿಯಾ ಒಮ್ಮೆಲೇ ಬೇಕಾದವನಾದ. 1981ರಲ್ಲಿ ಆರು ವರ್ಷಕ್ಕೆ 320 ಕೋಟಿ ಡಾಲರ್ ನೆರವಿನ ಒಪ್ಪಂದವಾಯಿತು. ಜಿಹಾದಿಗೆ ಹುಡುಗರನ್ನು ತಯಾರು ಮಾಡುವ ಕಾರ್ಖಾನೆಗಳು ಆ ಕಾಲದಲ್ಲಿ ಬೆಳೆದವು. ಅವರನ್ನು ಆಗ ಯಾರೂ ಭಯೋತ್ಪಾದಕರು ಎನ್ನಲಿಲ್ಲ. ಸ್ವಾತಂತ್ರ್ಯ ಯೋಧರು ಎಂದರು.

ಬಾಂಬಿನ ವಿಷಯ ಗೊತ್ತಿರಲಿಲ್ಲವೇ? ಗೊತ್ತಿತ್ತು. 1985ರ ಪ್ರೆಸ್ಲರ್ ತಿದ್ದುಪಡಿಯ ಪ್ರಕಾರ ‘ಪಾಕಿಸ್ತಾನದ ಹತ್ತಿರ ಅಣ್ವಸ್ತ್ರ ಇಲ್ಲ’ ಎಂದು ಅಮೆರಿಕಾದ ಅಧ್ಯಕ್ಷರು ವರ್ಷ ವರ್ಷ ಸರ್ಟಿಫಿಕೇಟು ಕೊಡಬೇಕಿತ್ತು. ರಷ್ಯನ್ನರು ಅಫ್ಘಾನಿಸ್ತಾನದಲ್ಲಿ ಇರುವಷ್ಟು ವರ್ಷ ಸರ್ಟಿಫಿಕೇಟು ತಪ್ಪದೆ ಬಂತು. 1989ರ ಫೆಬ್ರವರಿಯಲ್ಲಿ ರಷ್ಯನ್ನರು ವಾಪಸು ಹೋದರು. 1990ರ ಅಕ್ಟೋಬರಿನಲ್ಲಿ ಸರ್ಟಿಫಿಕೇಟೂ ನಿಂತಿತು, ನೆರವೂ ನಿಂತಿತು. ಕೂಲಿ ಮುಗಿದ ಮೇಲೆ ಗೌಡರು ಆಳಿನ ಮುಖ ನೋಡುವುದುಂಟೇ?

2001ರ ಸೆಪ್ಟೆಂಬರಿನ ನಂತರ ಮತ್ತೆ ಅದೇ ಆಟ. ಈ ಸಲ ಜನರಲ್ ಮುಷರಫ್. 2004ರಲ್ಲಿ ಪಾಕಿಸ್ತಾನಕ್ಕೆ ‘ನೇಟೊ ಹೊರಗಿನ ಪ್ರಮುಖ ಮಿತ್ರ’ ಎಂಬ ಪಟ್ಟ ಸಿಕ್ಕಿತು. ಅದೇ ವರ್ಷದ ಫೆಬ್ರವರಿಯಲ್ಲಿ ಆ ದೇಶದ ಬಾಂಬಿನ ಶಿಲ್ಪಿ ಎ. ಕ್ಯೂ. ಖಾನ್, ಅಣುಗುಟ್ಟನ್ನು ಬೇರೆ ದೇಶಗಳಿಗೆ ಕೊಟ್ಟದ್ದಾಗಿ ಟಿವಿಯಲ್ಲಿ ಒಪ್ಪಿಕೊಂಡಿದ್ದ. 2011ರ ಮೇ 2ರಂದು ಬಿನ್ ಲಾದೆನ್ ಸಿಕ್ಕಿದ್ದು ಎಲ್ಲಿ? ಅಬೊಟ್ಟಾಬಾದಿನಲ್ಲಿ, ಪಾಕಿಸ್ತಾನದ ಮಿಲಿಟರಿ ಅಕಾಡೆಮಿಯ ಬಗಲಲ್ಲಿ. ಹದಿನೈದು ವರ್ಷದಲ್ಲಿ 3300 ಕೋಟಿ ಡಾಲರ್ ಕೊಟ್ಟು ಸುಳ್ಳು, ಮೋಸ ಬಿಟ್ಟರೆ ಬೇರೆ ಏನೂ ಸಿಗಲಿಲ್ಲ ಎಂದು 2018ರ ಜನವರಿಯಲ್ಲಿ ಟ್ರಂಪ್ ಗುಡುಗಿದರು. ಅದೇ ಟ್ರಂಪ್ 2025ರ ಜೂನಿನಲ್ಲಿ ಪಾಕಿಸ್ತಾನದ ಸೇನಾ ಮುಖ್ಯಸ್ಥ ಆಸಿಮ್ ಮುನೀರರನ್ನು ಶ್ವೇತಭವನಕ್ಕೆ ಕರೆದು ಊಟಕ್ಕೆ ಕೂರಿಸಿದರು. ಐದು ತಿಂಗಳಲ್ಲಿ, ನವೆಂಬರಿನಲ್ಲಿ, ಪಾಕಿಸ್ತಾನದ ಸಂವಿಧಾನಕ್ಕೆ 27ನೇ ತಿದ್ದುಪಡಿಯಾಗಿ ಅದೇ ಮುನೀರರಿಗೆ ಜೀವಮಾನ ಪೂರ್ತಿ ಕಾನೂನಿನ ರಕ್ಷಣೆ ಸಿಕ್ಕಿತು. ಜನರು ಆರಿಸಿದ್ದ ಒಬ್ಬ ಮಾಜಿ ಪ್ರಧಾನಿ ಇಮ್ರಾನ್ ಖಾನ್ 2023ರ ಆಗಸ್ಟಿನಲ್ಲೇ ಜೈಲಿಗೆ ಹೋಗಿದ್ದರು.

ಈ ದಾರಿಯ ಫಲ ಇಷ್ಟೇ. ಜನರಲ್ಲಿಗೆ ಕೊಟ್ಟ ದುಡ್ಡು ಜನರಲ್ಲಿಯ ತೋಳಿಗೆ ಬಲ ಕೊಡುತ್ತದೆ. ಮತಾಂಧರ ಭಯ ಇರುವವರೆಗೆ ದುಡ್ಡು ಬರುತ್ತದೆ ಎಂದಾದರೆ, ಆ ಭಯ ಪೂರಾ ತೀರಿಹೋಗುವುದು ಅವನಿಗೇ ಬೇಡ!

ಎರಡನೇ ದಾರಿ, ಬಾಗಿಲು ಹಾಕಿಕೊಂಡು ಕೂರುವುದು. 1990ರ ನಂತರ ಅಮೆರಿಕಾ ಇದನ್ನೂ ಮಾಡಿ ನೋಡಿತು. ಬಾಂಬು ನಿಂತಿತೇ? 1998ರ ಮೇ 11 ಮತ್ತು 13ರಂದು ನಾವು ಪೋಖ್ರಾನಿನಲ್ಲಿ ಸಿಡಿಸಿದೆವು. ಮೇ 28ಕ್ಕೆ ಅವರು ಚಾಗೈ ಬೆಟ್ಟದಲ್ಲಿ ಸಿಡಿಸಿದರು. ದಾರಿದ್ರ್ಯಕ್ಕೆ ಹೆದರಿ ಯಾವ ಜನರಲ್ಲೂ ಬಾಂಬು ಬಿಟ್ಟದ್ದಿಲ್ಲ. ಬಾಗಿಲು ಹಾಕಿದಾಗ ಹಸಿಯುವುದು ಜನರಲ್ಲಿಯ ಮಕ್ಕಳಲ್ಲ.

ಮೂರನೇ ದಾರಿ, ಹೊಡೆಯುವುದು. 2025ರ ಮೇ 7ಕ್ಕೆ ನಮ್ಮ ಸೇನೆ ಹೊಡೆಯಿತು. ಅವರೂ ಹೊಡೆದರು. 10ನೇ ತಾರೀಖಿಗೆ ನಿಂತಿತು. ನಿಲ್ಲದಿದ್ದರೆ? ಸ್ಟಾಕ್‌ಹೋಮಿನ ಸಿಪ್ರಿ ಸಂಸ್ಥೆ 2025ರಲ್ಲಿ ಕೊಟ್ಟ ಅಂದಾಜಿನಂತೆ ನಮ್ಮಲ್ಲಿ 180 ಅಣು ಸಿಡಿತಲೆ, ಅವರಲ್ಲಿ 170. ಮೊದಲು ಬಳಸುವುದಿಲ್ಲ ಎಂದು ನಾವು ಮಾತು ಕೊಟ್ಟಿದ್ದೇವೆ. ಅವರು ಕೊಟ್ಟಿಲ್ಲ. ನಾಲ್ಕು ದಿನ ಎಂಟು ದಿನವಾದರೆ, ಎಂಟು ಹದಿನಾರಾದರೆ, ಸೋಲುವ ಜನರಲ್ ಏನು ಮಾಡಿಯಾನು ಎಂದು ಎದೆ ತಟ್ಟಿ ಹೇಳುವವರು ಯಾರು?

‘ಅವರ ಬಾಂಬು ಹುಚ್ಚರ ಕೈಗೆ ಸಿಕ್ಕರೆ?’ ಎಂದು ಜಗತ್ತೆಲ್ಲ ಕೇಳುತ್ತದೆ. ಕೇಳಬೇಕಾದ್ದೇ. ಗವರ್ನರನನ್ನೇ ಅವನ ಅಂಗರಕ್ಷಕ ಕೊಂದ ದೇಶ ಅದು. ಆದರೆ ನಮ್ಮ ಮನೆಯನ್ನೂ ಸ್ವಲ್ಪ ನೋಡಿಕೊಳ್ಳಿ. 1994ರ ಮೇ ತಿಂಗಳಲ್ಲಿ, ಇನ್ನೂ ಕಟ್ಟುತ್ತಿದ್ದಾಗಲೇ, ಕೈಗಾದ ಒಂದನೇ ಘಟಕದ ಗುಮ್ಮಟ ಕುಸಿಯಿತು. 2009ರ ನವೆಂಬರಿನಲ್ಲಿ ಅದೇ ಕೈಗಾದ ಕುಡಿಯುವ ನೀರಿನ ಕೂಲರಿಗೆ ಟ್ರಿಷಿಯಂ ಸೇರಿ ಕೆಲಸಗಾರರ ಮೈಗೆ ಹೋಯಿತು. ಒಳಗಿನವರದೇ ಕೈವಾಡ ಎಂದು ಆಗ ಅಣುಶಕ್ತಿಯ ದೊಡ್ಡವರೇ ಹೇಳಿದರು. 2022ರ ಮಾರ್ಚ್ 9ರಂದು ನಮ್ಮ ಬ್ರಹ್ಮೋಸ್ ಕ್ಷಿಪಣಿಯೊಂದು ತಪ್ಪಿ ಹಾರಿ ಪಾಕಿಸ್ತಾನದ ಮಿಯಾನ್ ಚನ್ನೂ ಹತ್ತಿರ ಬಿತ್ತು. ಮೂವರು ಅಧಿಕಾರಿಗಳನ್ನು ಮನೆಗೆ ಕಳಿಸಿದರು. ಅದರಲ್ಲಿ ಸಿಡಿತಲೆ ಇರಲಿಲ್ಲ, ಅವರು ತಿರುಗಿ ಹೊಡೆಯಲಿಲ್ಲ, ನಾವು ಬದುಕಿದೆವು. ಅಣುವಿನ ವಿಷಯದಲ್ಲಿ ಅವರು ಹುಚ್ಚರು ನಾವು ಜಾಣರು ಎಂದು ಬೀಗುವ ಹಾಗಿಲ್ಲ.

ಗೆಳೆಯರೇ, ಈಗ ನಮ್ಮ ಕಣ್ಣಿನಿಂದ ಪಾಕಿಸ್ತಾನವನ್ನು ನೋಡೋಣ. ಅಲ್ಲಿರುವುದು ಜನರಲ್‌ಗಳು, ಮುಲ್ಲಾಗಳು ಮಾತ್ರವೇ? 1947ರಲ್ಲಿ ಪಾಕಿಸ್ತಾನದ ಮೊದಲ ಕಾನೂನು ಮಂತ್ರಿಯಾದವರು ಜೋಗೇಂದ್ರನಾಥ ಮಂಡಲ್, ಬಂಗಾಳದ ನಮ್ಮವರು. ಇಲ್ಲಿ ಬಾಬಾಸಾಹೇಬರು, ಅಲ್ಲಿ ಮಂಡಲರು. ಎರಡು ದೇಶಗಳ ಕಾನೂನಿನ ಖಾತೆ ಎರಡೂ ಅಸ್ಪೃಶ್ಯರ ಮಕ್ಕಳ ಕೈಯಲ್ಲಿತ್ತು. 1950ರ ಅಕ್ಟೋಬರಿನಲ್ಲಿ ಮಂಡಲರು ರಾಜೀನಾಮೆ ಎಸೆದು ಕಲಕತ್ತೆಗೆ ಬಂದರು. ಪೂರ್ವ ಬಂಗಾಳದಲ್ಲಿ ತಮ್ಮ ಜನರ ಮೇಲೆ ನಡೆದದ್ದನ್ನು ಪುಟಗಟ್ಟಲೆ ಬರೆದಿಟ್ಟು ಬಂದರು. 1951ರ ಅಕ್ಟೋಬರಿನಲ್ಲಿ ಬಾಬಾಸಾಹೇಬರೂ ಮಂತ್ರಿಗಿರಿ ಬಿಟ್ಟರು. ದೇಶ ಕಟ್ಟಿದವರ ಪಂಕ್ತಿಯಲ್ಲಿ ನಮ್ಮವರಿಗೆ ಎಲೆ ಹಾಕುತ್ತಾರೆ, ಬಡಿಸುವ ಹೊತ್ತಿಗೆ ಎಬ್ಬಿಸುತ್ತಾರೆ. ಗಡಿಯ ಆಚೆಗೂ, ಈಚೆಗೂ.

ಇನ್ನೊಂದು ಮಾತು. ದೇಶ ಒಡೆದಾಗ ಪಾಕಿಸ್ತಾನದಲ್ಲಿ ಸಿಕ್ಕಿಬಿದ್ದ ಜಾಡಮಾಲಿಗಳನ್ನು ಈಚೆಗೆ ಬರಗೊಡಲಿಲ್ಲ. ಅವರದು ‘ಅಗತ್ಯ ಸೇವೆ’ಯಂತೆ. ಕಕ್ಕಸು ತೊಳೆಯುವವರು ಹೋದರೆ ಊರು ನಾರುತ್ತದಲ್ಲ! ಬಾಬಾಸಾಹೇಬರು ಆ 1947ರ ಡಿಸೆಂಬರಿನಲ್ಲೇ ಇದನ್ನು ನೆಹರೂಗೆ ಬರೆದು ತಿಳಿಸಿದರು. ಮುಂದೆ ಎಷ್ಟೋ ದಶಕ ಕಳೆದ ಮೇಲೂ ಅಲ್ಲಿಯ ಪೌರಸಂಸ್ಥೆಗಳ ಜಾಹೀರಾತಿನಲ್ಲಿ ಕಸ ಗುಡಿಸುವ ಕೆಲಸ ‘ಮುಸ್ಲಿಮೇತರರಿಗೆ ಮಾತ್ರ’ ಎಂದು ಅಚ್ಚಾಗುತ್ತಿತ್ತು. ಧರ್ಮದ ಹೆಸರಿನಲ್ಲಿ ಬೇರೆಯಾದ ದೇಶ ಕೂಡ ಪೊರಕೆಯನ್ನು ಮಾತ್ರ ಜಾತಿ ನೋಡಿಯೇ ಹಂಚಿತು.

ಆಸಿಯಾ ಬೀಬಿಯ ಕತೆ ನಿಮಗೆ ಗೊತ್ತಿರಬೇಕು. ಪಂಜಾಬಿನ ಹಳ್ಳಿಯ ಕೂಲಿ ಹೆಂಗಸು, ಕ್ರೈಸ್ತಳು. 2009ರ ಜೂನಿನ ಬಿಸಿಲಲ್ಲಿ ಹಣ್ಣು ಕೀಳುವ ಕೆಲಸಕ್ಕೆ ಹೋಗಿದ್ದಳು. ಬಾಯಾರಿ ನೀರು ಕುಡಿದಳು. ಇವಳು ಮುಟ್ಟಿದ ನೀರು ನಮಗೆ ಬೇಡ ಎಂದರು ಜೊತೆಯ ಹೆಂಗಸರು. ಮಾತಿಗೆ ಮಾತು ಬೆಳೆಯಿತು. ದೇವನಿಂದೆಯ ಕೇಸಾಯಿತು. 2010ರಲ್ಲಿ ಗಲ್ಲು ಶಿಕ್ಷೆ. ಅವಳ ಪರ ಮಾತಾಡಿದ ಗವರ್ನರ್ ಸಲ್ಮಾನ್ ತಾಸೀರರನ್ನು 2011ರ ಜನವರಿಯಲ್ಲಿ ಅವರ ಅಂಗರಕ್ಷಕನೇ ಕೊಂದ. ಮಂತ್ರಿ ಶಹಬಾಜ್ ಭಟ್ಟಿಯವರನ್ನು ಮಾರ್ಚಿನಲ್ಲಿ ಕೊಂದರು. 2018ರ ಅಕ್ಟೋಬರ್ 31ರಂದು ಅಲ್ಲಿಯ ಸುಪ್ರೀಂ ಕೋರ್ಟು ಅವಳನ್ನು ಬಿಡುಗಡೆ ಮಾಡಿತು. ಆ ತೀರ್ಪು ಬರೆಯಲು ನ್ಯಾಯಾಧೀಶರಿಗೆ ಎಷ್ಟು ಎದೆ ಬೇಕಿತ್ತು!

ಒಂದು ಲೋಟ ನೀರು. ಮಹಾಡದ ಕೆರೆಗೆ ಇಳಿದವರ ಮಕ್ಕಳಾದ ನಮಗೆ, ಹೋಟೆಲಿನಲ್ಲಿ ನಮ್ಮ ಅಪ್ಪಂದಿರಿಗೆ ಬೇರೆ ಲೋಟ ಇಟ್ಟದ್ದನ್ನು ಕೇಳಿ ಬೆಳೆದ ನಮಗೆ, ಆಸಿಯಾ ಬೀಬಿ ಪರಕೀಯಳೇ? ಆ ನೀರನ್ನು ಮೈಲಿಗೆ ಎಂದ ಮತಾಂಧತೆ ಬಾಂಬಿನ ಕೀಲಿಯ ಹತ್ತಿರ ಬಾರದಂತೆ ತಡೆಯಬಲ್ಲವರು ಯಾರು? ವಾಷಿಂಗ್ಟನ್ನಿನ ಡಾಲರಲ್ಲ. ದಿಲ್ಲಿಯ ಕ್ಷಿಪಣಿಯಲ್ಲ. ಆ ನ್ಯಾಯಾಧೀಶರು, ಅಲ್ಲಿಯ ವಕೀಲರು, ಮೇಷ್ಟ್ರುಗಳು, 2014ರ ಡಿಸೆಂಬರ್ 16ರಂದು ಪೇಶಾವರದ ಶಾಲೆಯಲ್ಲಿ ನೂರಮೂವತ್ತಕ್ಕೂ ಹೆಚ್ಚು ಮಕ್ಕಳನ್ನು ಕಳಕೊಂಡ ತಾಯಂದಿರು. 2018ರಲ್ಲಿ ಸೆನೆಟಿಗೆ ಆರಿಸಿಬಂದ ಥಾರ್ ಕಡೆಯ ಕೃಷ್ಣಾ ಕುಮಾರಿ ಕೋಹ್ಲಿ. ಚಿಕ್ಕ ಹುಡುಗಿಯಾಗಿದ್ದಾಗ ಜಮೀನ್ದಾರನ ಜೀತದಲ್ಲಿ ಕುಟುಂಬದೊಂದಿಗೆ ಕೂಡಿಹಾಕಿಸಿಕೊಂಡವರು ಅವರು. ನಮ್ಮ ವಿದೇಶಾಂಗ ನೀತಿ ಇವರ ಕೈ ಬಲಪಡಿಸುತ್ತದೋ, ಜನರಲ್ಲಿಯ ಕೈ ಬಲಪಡಿಸುತ್ತದೋ? ನಾವು ಕೇಳಬೇಕಾದ ಪ್ರಶ್ನೆ ಇದೊಂದೇ. ‘ಅಳಿಸಿಬಿಡಿ’ ಎಂದು ಇಲ್ಲಿ ಕೂಗಿದರೆ ಅಲ್ಲಿ ಜನರಲ್ಲಿಗೆ ಹಬ್ಬ. ನೋಡಿ, ನಾನಿಲ್ಲದಿದ್ದರೆ ನಿಮ್ಮ ಗತಿ ಏನು ಎಂದು ಅವನು ಅವರನ್ನೆಲ್ಲ ಸುಮ್ಮನಾಗಿಸುತ್ತಾನೆ.

‘ಮಾತಾಡಿ ಎಂತ ಸಿಕ್ಕಿತು?’ ಎಂದು ಕೇಳುವ ಗೆಳೆಯರಿದ್ದಾರೆ. ನ್ಯಾಯವಾದ ಪ್ರಶ್ನೆ. 1999ರ ಫೆಬ್ರವರಿಯಲ್ಲಿ ವಾಜಪೇಯಿ ಬಸ್ಸು ಹತ್ತಿ ಲಾಹೋರಿಗೆ ಹೋದರು, ಮೇ ತಿಂಗಳಿಗೆ ಕಾರ್ಗಿಲ್ ಬಂತು. ಮಾತುಕತೆ ನಡೆಯುತ್ತಿದ್ದ ಕಾಲದಲ್ಲೇ 2008ರ ನವೆಂಬರಿನಲ್ಲಿ ಇದೇ ಅರಬ್ಬೀ ಸಮುದ್ರದಲ್ಲಿ ಮೀನುಗಾರರ ದೋಣಿ ಕಿತ್ತುಕೊಂಡು, ದೋಣಿಯವನ ಕತ್ತು ಕೊಯ್ದು, ಮುಂಬೈಗೆ ಬಂದು 166 ಜನರನ್ನು ಕೊಂದರು. ಮುಗುಳ್ನಕ್ಕು ಕೈ ಕುಲುಕಿದರೆ ಕೊಲೆಗಾರ ಬದಲಾಗುತ್ತಾನೆ ಎಂದು ನಾವು ಹೇಳುತ್ತಿಲ್ಲ. ನಾವು ಹೇಳುವ ನಾಲ್ಕನೇ ದಾರಿಯಲ್ಲಿ ಗಟ್ಟಿತನವೂ ಇದೆ.

ಒಂದು. ಕೊಲೆಗಾರರ ಹಣದ ಬೇರು ಕೀಳಬೇಕು. 2018ರ ಜೂನಿನಿಂದ 2022ರ ಅಕ್ಟೋಬರಿನವರೆಗೆ ಎಫ್‌ಎಟಿಎಫ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಪಾಕಿಸ್ತಾನವನ್ನು ಬೂದುಪಟ್ಟಿಯಲ್ಲಿ ಇಟ್ಟಿತ್ತು. ಸಾಲ ಹುಟ್ಟುವುದು ಕಷ್ಟವಾಯಿತು. ಅಲ್ಲಿಯವರೆಗೆ ರಾಜಾರೋಷವಾಗಿ ತಿರುಗುತ್ತಿದ್ದ ಹಫೀಜ್ ಸಯೀದನಿಗೆ 2020ರ ಫೆಬ್ರವರಿಯಲ್ಲಿ ಅವರದೇ ಕೋರ್ಟು ಶಿಕ್ಷೆ ಕೊಟ್ಟಿತು. ಒಂದು ಗುಂಡೂ ಹಾರಲಿಲ್ಲ. ಇಂಥ ಒತ್ತಡ ಸಡಿಲಬಾರದು.

ಎರಡು. ಯಾವ ದೇಶವೂ ಜನರಲ್ಲಿಗೆ ಶಸ್ತ್ರದ ದುಡ್ಡು ಕೊಡಬಾರದು. ಕೊಡುವುದಿದ್ದರೆ ಶಾಲೆಗೆ, ಆಸ್ಪತ್ರೆಗೆ, ಚುನಾಯಿತ ಸರಕಾರಕ್ಕೆ ಲೆಕ್ಕ ಕೇಳಿ ಕೊಡಬೇಕು. 2009ರಲ್ಲಿ ಅಮೆರಿಕಾ ಐದು ವರ್ಷಕ್ಕೆ 750 ಕೋಟಿ ಡಾಲರಿನ ಇಂಥದೊಂದು ಕಾಯಿದೆ ಮಾಡಿತು. ಸೇನೆ ಚುನಾಯಿತ ಸರಕಾರದ ಹತೋಟಿಯಲ್ಲಿರಬೇಕು ಎಂಬಂಥ ಷರತ್ತು ಕಂಡೊಡನೆ ಪಾಕಿಸ್ತಾನದ ಸೇನೆ ಬಹಿರಂಗವಾಗಿ ಸಿಟ್ಟಾಯಿತು. ಆ ಸಿಟ್ಟೇ ಹೇಳುತ್ತದೆ, ದಾರಿ ಸರಿಯಿತ್ತು ಎಂದು.

ಮೂರು. ಅಣುವಿನ ಸಣ್ಣ ಸಣ್ಣ ಒಪ್ಪಂದಗಳನ್ನು ಯಾವ ಸಿಟ್ಟಿನಲ್ಲೂ ಮುರಿಯಬಾರದು. ಪರಸ್ಪರ ಅಣುಸ್ಥಾವರಗಳ ಮೇಲೆ ದಾಳಿ ಮಾಡುವುದಿಲ್ಲ ಎಂದು 1988ರ ಡಿಸೆಂಬರ್ 31ರಂದು ರಾಜೀವ್ ಗಾಂಧಿ, ಬೆನಜೀರ್ ಭುಟ್ಟೋ ಕಾಲದಲ್ಲಿ ಎರಡೂ ದೇಶ ಸಹಿ ಹಾಕಿದವು. 1992ರಿಂದ ಪ್ರತಿ ಜನವರಿ 1ಕ್ಕೆ ತಂತಮ್ಮ ಸ್ಥಾವರಗಳ ಪಟ್ಟಿ ಬದಲಾಯಿಸಿಕೊಳ್ಳುತ್ತವೆ. ಕಾರ್ಗಿಲ್ ಆದರೂ ತಪ್ಪಲಿಲ್ಲ, ಮುಂಬೈ ಆದರೂ ತಪ್ಪಲಿಲ್ಲ. 2025ರ ಜನವರಿ 1ರದು 34ನೇ ಸಲ. ಅಣುವಿದ್ಯುತ್ ಸ್ಥಾವರಗಳೆಲ್ಲ ಈ ಒಪ್ಪಂದದೊಳಗೆ ಬರುತ್ತವೆ. ಅಂದರೆ ನಮ್ಮ ಕೈಗಾ ಕೂಡ. ಹೊಸ ವರ್ಷದ ದಿನ ನಾವು ಕೇಕು ಕತ್ತರಿಸುವಾಗ ದಿಲ್ಲಿ, ಇಸ್ಲಾಮಾಬಾದಿನ ಕಚೇರಿಗಳಲ್ಲಿ ಕೈ ಬದಲಾಗುವ ಒಂದು ಕಾಗದ ಕಾಳಿ ನದಿಯ ದಂಡೆಯವರ ಪ್ರಾಣಕ್ಕೆ ಸಂಬಂಧಿಸಿದ್ದು. ಯಾವ ಟಿವಿಯವನೂ ಇದನ್ನು ಕೂಗಿ ಹೇಳುವುದಿಲ್ಲ. ಕ್ಷಿಪಣಿ ಪರೀಕ್ಷೆಗೆ ಮೊದಲು ತಿಳಿಸುವ 2005ರ ಒಪ್ಪಂದ, ಅಣ್ವಸ್ತ್ರದ ಅಪಘಾತಗಳ ಬಗ್ಗೆ 2007ರ ಒಪ್ಪಂದ, ಇವೂ ಅಷ್ಟೇ ಮುಖ್ಯ.

ನಾಲ್ಕು. ಜನರ ದಾರಿ ತೆರೆದಿರಬೇಕು. ಕಡಲಲ್ಲಿ ಗಡಿಗೆರೆ ಎಳೆದವರು ಯಾರು? ಗುಜರಾತಿನ ಬಡ ಮೀನುಗಾರ ಅಲ್ಲಿಯ ಜೈಲಲ್ಲಿ, ಸಿಂಧಿನ ಬಡ ಮೀನುಗಾರ ಇಲ್ಲಿಯ ಜೈಲಲ್ಲಿ. ಅವರ ಹೆಸರಿನ ಪಟ್ಟಿಯೂ ವರ್ಷಕ್ಕೆರಡು ಸಲ ಬದಲಾಗುತ್ತದೆ, ಜನವರಿ 1 ಮತ್ತು ಜುಲೈ 1. ಪಟ್ಟಿ ಮಾತ್ರ ಹೋದರೆ ಸಾಲದು, ಮನುಷ್ಯರೂ ಮನೆಗೆ ಹೋಗಬೇಕು. ಬಲೆ ಬೀಸಿ ಬದುಕುವ ಊರಿನವರಾದ ನಾವು ಇದನ್ನು ಕೇಳದಿದ್ದರೆ ಇನ್ಯಾರು ಕೇಳುತ್ತಾರೆ?

ಕೊನೆಗೆ ನಮ್ಮ ಗೆಳೆಯನ ಅಜ್ಜಿಯ ಊರಿಗೆ ಬರೋಣ. 1986ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿ ಸೀಬರ್ಡ್ ಯೋಜನೆಗೆ ಅಡಿಗಲ್ಲು ಹಾಕಿದರು. ಮುಂಬೈ ಬಂದರು ಕಿಕ್ಕಿರಿದಿತ್ತು. ಪಾಕಿಸ್ತಾನದ ವಿಮಾನಗಳಿಗೆ ಕಾರವಾರ ಮುಂಬೈಗಿಂತ ದೂರ. ಆ ಲೆಕ್ಕದಲ್ಲಿ ಕಾರವಾರ, ಅಂಕೋಲಾ ತಾಲೂಕುಗಳ 13 ಹಳ್ಳಿಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬ ಎದ್ದವು. 2005ರ ಮೇ ತಿಂಗಳಲ್ಲಿ ‘ಐಎನ್‌ಎಸ್ ಕದಂಬ’ ಶುರುವಾಯಿತು. ಪರಿಹಾರದ ಕೇಸುಗಳು ದಶಕಗಟ್ಟಲೆ ಕೋರ್ಟಿನಲ್ಲಿ ಅಲೆದವು. ನೆಲ ಹಿಡಿದದ್ದು ಬ್ರಿಟಿಷರ 1894ರ ಕಾಯಿದೆ. ಅದು ನೆಲದಲ್ಲಿ ಹಕ್ಕು ತೋರಿಸಿದವನಿಗೆ ದುಡ್ಡು ಕೊಡುತ್ತದೆ. ಪಹಣಿಯಲ್ಲಿ ಹೆಸರಿಲ್ಲದೆ ಇನ್ನೊಬ್ಬರ ಗದ್ದೆಯಲ್ಲಿ, ಉಪ್ಪಿನಾಗರದಲ್ಲಿ ಬೆನ್ನು ಬಗ್ಗಿಸಿದವನಿಗೆ ಕೂಲಿ ಹೋದದ್ದಕ್ಕೆ ಯಾರು ಪರಿಹಾರ ಕೊಡುತ್ತಾರೆ? 1930ರಲ್ಲಿ ಅಂಕೋಲೆಯ ಉಪ್ಪು ದೇಶಕ್ಕೆ ಬೇಕಾಗಿತ್ತು. ಆ ಉಪ್ಪು ಹೊತ್ತವರ ಹೆಸರು ಯಾವ ಪಹಣಿಯಲ್ಲಿದೆ?

ನೌಕಾನೆಲೆ ಬೇಡ ಎಂದು ನಾವು ಹೇಳುತ್ತಿಲ್ಲ. ಅಲ್ಲಿ ಸಮವಸ್ತ್ರ ಹಾಕಿಕೊಂಡು ನಿಂತವರಲ್ಲಿ ನಮ್ಮ ಅಣ್ಣತಮ್ಮಂದಿರೂ ಇದ್ದಾರೆ. ಆದರೆ ಲೆಕ್ಕ ಕೇಳುತ್ತೇವೆ. ಬಾಬಾಸಾಹೇಬರು 1951ರಲ್ಲಿ ರಾಜೀನಾಮೆ ಕೊಡುವಾಗ ಇದೇ ಲೆಕ್ಕ ಕೇಳಿದ್ದರು. ವರ್ಷದ 350 ಕೋಟಿ ರೂಪಾಯಿ ಆದಾಯದಲ್ಲಿ 180 ಕೋಟಿ ಸೇನೆಗೆ ಹೋಗುತ್ತಿದೆ, ಇದಕ್ಕೆ ನಮ್ಮ ವಿದೇಶಾಂಗ ನೀತಿಯೇ ಕಾರಣ ಎಂದಿದ್ದರು. ಪಾಕಿಸ್ತಾನದೊಂದಿಗಿನ ಜಗಳವನ್ನು ಬಗೆಹರಿಸಿಕೊಳ್ಳದೆ ಉಳಿಸಿಕೊಂಡರೆ ಅದರ ಬಿಲ್ಲು ಯಾರ ಹೆಸರಿಗೆ ಬರುತ್ತದೆಂದು ಅವರಿಗೆ ಗೊತ್ತಿತ್ತು. ನಮ್ಮ ಸ್ಕಾಲರ್‌ಶಿಪ್ಪು ತಡವಾಗಿ ಬರುವಾಗ, ಹಾಸ್ಟೆಲಿನ ಸಾರು ನೀರಾಗುವಾಗ ನಮಗೂ ಗೊತ್ತಾಗಬೇಕು.

ಆದ್ದರಿಂದ ಗೆಳೆಯರೇ, ಮುಂದಿನ ಸಲ ಹಾಸ್ಟೆಲಿನ ಟಿವಿ ಮುಂದೆ ಯಾರಾದರೂ ‘ಅಳಿಸಿಬಿಡಿ’ ಎಂದು ಕೂಗಿದರೆ ಅವನೊಡನೆ ಹೊಡೆದಾಡಬೇಡಿ. ಅವನು ನಮ್ಮವನೇ, ನಮ್ಮ ಹಾಗೇ ಹೊಟ್ಟೆ ಉರಿದವನು. ಪಕ್ಕದಲ್ಲಿ ಕೂರಿಸಿಕೊಳ್ಳಿ. ಆಸಿಯಾ ಬೀಬಿಯ ನೀರಿನ ಕತೆ ಹೇಳಿ. ಮಂಡಲರ ಕತೆ ಹೇಳಿ. ಜನವರಿ 1ರ ಕಾಗದದಲ್ಲಿ ಕೈಗಾ ಯಾಕಿದೆ ಎಂದು ಹೇಳಿ. ಅವನಿಗೆ ಸಂಶಯವಿದ್ದರೆ ಕಡಲತೀರಕ್ಕೆ ಕರಕೊಂಡು ಹೋಗಿ, ಚಾಪಲ್ ದೋಣಿಯ ನೆರಳಿನಲ್ಲಿ ಕೂತು ಮಾತಾಡಿ. ಅಲ್ಲಿಂದ ದಕ್ಷಿಣಕ್ಕೆ ಕೈ ತೋರಿಸಿದರೆ ಸಾಕು. ಅಳಿಸಿಹೋದ ಹಳ್ಳಿಗಳು ಆ ಗುಡ್ಡದ ಆಚೆಗೇ ಇವೆ.

ಜೈ ಭೀಮ್.